ದೇವರ ಗೂಡಿನಲ್ಲಿದ್ದ ಮಾತ್ರೆ

ಬಸ್ಸಿನಲ್ಲಿ ಕೂತರೆ ನನ್ನ ಎಡಗೈ ಈಗಲೂ ತಾನಾಗಿ ಪಕ್ಕದ ಸೀಟಿನ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಯಾರೋ ಗುರುತಿಲ್ಲದ ಹೆಂಗಸು ಕೂತಿರುತ್ತಾರೆ. ಒಮ್ಮೆ ತಿರುಗಿ ನೋಡುತ್ತಾರೆ. ನಾನು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಸುಮಾರು ಆರು ವರ್ಷ ಆ ಜಾಗದಲ್ಲಿ ನನ್ನ ಅಕ್ಕ ಕೂತಿದ್ದಳು. ಕಿಟಕಿ ಪಕ್ಕ ಅವಳು, ಈಚೆ ನಾನು. ನನ್ನ ಕೈ ಅವಳ ಬೆನ್ನ ಹಿಂದೆ, ಬೆರಳು ಅವಳ ಆಚೆಯ ಭುಜದ ಮೇಲೆ. ನೋಡಿದವರಿಗೆ ಅಕ್ಕತಂಗಿಯರ ಅಕ್ಕರೆ ಅನ್ನಿಸುತ್ತಿತ್ತೇನೊ. ಅಕ್ಕರೆ ಇತ್ತು. ಆದರೆ ಕೈ ಅಲ್ಲಿರುತ್ತಿದ್ದದ್ದು, ಅವಳಿಗೆ ಫಿಟ್ಸ್ ಬಂದರೆ ತಲೆ ಮುಂದಿನ ಸೀಟಿನ ಕಂಬಿಗೆ ಹೊಡೆಯದಿರಲಿ ಎಂದು.

ನಮ್ಮದು ಮಿಡಿಗೇಶಿಯಿಂದ ಒಳಕ್ಕೆ ನಡೆದು ಹೋಗಬೇಕಾದ ಒಂದು ಹಟ್ಟಿ. ಕುರಿ ಸಾಕುವ ಮನೆಗಳು. ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವಳಿಗೆ ಮೊದಲ ಸಲ ಫಿಟ್ಸ್ ಬಂದಾಗ ನನಗೆ ಏಳು ವರ್ಷ. ಕುರಿರೊಪ್ಪದ ಬಾಗಿಲಲ್ಲಿ ಒಂದು ಮರಿಯನ್ನು ಎತ್ತಿಕೊಂಡು ನಿಂತಿದ್ದವಳು ಇದ್ದಕ್ಕಿದ್ದಂತೆ ಬಿದ್ದಳು. ಮರಿ ಅವಳ ತೋಳಿನಡಿಯಿಂದ ತಪ್ಪಿಸಿಕೊಂಡು ಓಡಿತು. ಅಪ್ಪ ಓಡಿ ಬಂದರು, ಅಕ್ಕಪಕ್ಕದ ಮನೆಯವರೆಲ್ಲ ಬಂದರು. "ಕೈಗೆ ಕಬ್ಣ ಕೊಡ್ರಲೇ, ಕಬ್ಣ ಕೊಡ್ರಿ" ಎಂದು ಯಾರೋ ಅಂದರು. ಬೀಗದ ಕೈ ಗೊಂಚಲನ್ನು ಅವಳ ಅಂಗೈಯಲ್ಲಿ ತುರುಕಿದರು. ಅವಳು ಎದ್ದು ಕೂತಾಗ ಅಂಗೈಯಲ್ಲಿ ಬೀಗದ ಕೈಯ ಹಲ್ಲುಗಳ ಗುರುತಿತ್ತು. ಆಮೇಲೆ ಎಷ್ಟೋ ವರ್ಷ ಅವಳ ಬಲಗೈಯಲ್ಲಿ ಆ ಗುರುತು ಮಾಸುವುದರೊಳಗೆ ಹೊಸದು ಮೂಡುತ್ತಿತ್ತು. ಕಬ್ಬಿಣದಿಂದ ಏನೂ ಆಗುವುದಿಲ್ಲ, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಕಾಯುವುದಷ್ಟೇ ನಮ್ಮ ಕೆಲಸ ಎಂದು ನಾನು ತಿಳಿದುಕೊಂಡದ್ದು ಬಹಳ ತಡವಾಗಿ.

ಅಪ್ಪ ಅವಳನ್ನು ಒಮ್ಮೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮೊದಲ ಬಸ್ಸಿಗೆ ಹೋಗಿ, ಸಾಲಿನಲ್ಲಿ ನಿಂತು, ಎರಡು ದಿನವಾದ ಮೇಲೆ ಒಂದು ತಿಂಗಳ ಮಾತ್ರೆ ಹಿಡಿದುಕೊಂಡು ಬಂದರು. ವರ್ಷಗಟ್ಟಲೆ ಬಿಡದೆ ನುಂಗಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದ್ದರಂತೆ. ಆ ತಿಂಗಳು ಅಕ್ಕ ಒಂದು ಸಲವೂ ಬೀಳಲಿಲ್ಲ. ತಿಂಗಳು ಮುಗಿಯಿತು. ಆ ಮಾತ್ರೆ ಮಿಡಿಗೇಶಿಯಲ್ಲಿ ಇರಲಿಲ್ಲ, ಕೊಡಿಗೇನಹಳ್ಳಿಯಲ್ಲೂ ಇರಲಿಲ್ಲ. ಹಿಂದೂಪುರಕ್ಕೆ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರೆ ಒಮ್ಮೆ ಸಿಗುತ್ತಿತ್ತು, ಒಮ್ಮೆ ಚೀಟಿ ಮಾತ್ರ ವಾಪಸು ಬರುತ್ತಿತ್ತು. ಹಾಗೆ ಚೀಟಿ ವಾಪಸು ಬಂದ ಒಂದು ವಾರದಲ್ಲಿ ಅವಳಿಗೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದರ ಹಿಂದೊಂದು ಫಿಟ್ಸ್ ಬಂತು. ನಡುವೆ ಎಚ್ಚರವೇ ಆಗಲಿಲ್ಲ. ಅವತ್ತು ನಾವು ಅವಳನ್ನು ಕಳೆದುಕೊಳ್ಳುವುದರಲ್ಲಿದ್ದೆವು. ಉಳಿದಳು.

ಅವತ್ತಿನಿಂದ ಅವ್ವನ ಕಣ್ಣಿಗೆ ಮಾತ್ರೆ ಬರೀ ಮಾತ್ರೆಯಾಗಿ ಉಳಿಯಲಿಲ್ಲ. ಸಿಕ್ಕ ಒಂದೊಂದು ಶೀಟನ್ನೂ ಹಳದಿ ಬಟ್ಟೆಯಲ್ಲಿ ಸುತ್ತಿ, ನಡುಮನೆಯ ಗೋಡೆಯಲ್ಲಿದ್ದ ದೇವರ ಗೂಡಿನೊಳಗೆ, ಭಂಡಾರದ ಬಟ್ಟಲಿನ ಪಕ್ಕ ಇಟ್ಟಳು. ಮನೆಯಲ್ಲಿ ಇಲಿ, ಮಕ್ಕಳು, ನೀರು ಯಾವುದೂ ಮುಟ್ಟದ ಜಾಗ ಅದೊಂದೇ. ಬೆಳಿಗ್ಗೆ ಕೈಕಾಲು ತೊಳೆದು, ಗೂಡಿಗೆ ಕೈಮುಗಿದು, ಒಂದು ಮಾತ್ರೆ ತೆಗೆದು ಅಕ್ಕನ ಕೈಗೆ ಹಾಕುವಳು. ಸಂಜೆ ದೀಪ ಹಚ್ಚಿ ಇನ್ನೊಂದು. ಅಕ್ಕ ಅದನ್ನು ಎರಡೂ ಕೈ ಕೂಡಿಸಿ ಪಡೆಯುವಳು.

ನಾನು ಮಧುಗಿರಿಯಲ್ಲಿ ಕಾಲೇಜಿಗೆ ಸೇರಿದ ವರ್ಷ ಬೆಂಗಳೂರಿನಿಂದ ವೈದ್ಯರ ತಂಡವೊಂದು ನಮ್ಮ ಕಡೆಗೆ ಬರಲು ಶುರುವಾಯಿತು. ವಾರಕ್ಕೊಂದು ತಾಲ್ಲೂಕು. ಒಂದು ವಾರ ಶಿರಾ, ಒಂದು ವಾರ ಕೊರಟಗೆರೆ, ಒಂದು ವಾರ ಪಾವಗಡ. ತಿಂಗಳ ಎರಡನೆಯ ಮಂಗಳವಾರ ಮಧುಗಿರಿ. ಮದುವೆಗೆ ಬಾಡಿಗೆ ಕೊಡುವ ಒಂದು ಹಳೆಯ ಸಭಾಂಗಣದಲ್ಲಿ ಕೂರುತ್ತಿದ್ದರು. ಫಿಟ್ಸ್ ನೋಡುವುದಕ್ಕೆಂದೇ ಓದಿದ ಡಾಕ್ಟರು, ತಿಂಗಳಿಗಾಗುವಷ್ಟು ಮಾತ್ರೆ, ಎರಡೂ ಒಂದೇ ಕಡೆ, ನಮ್ಮ ಬಸ್ಸು ಹೋಗುವ ಊರಲ್ಲಿ. ಮೊದಲ ದಿನ ಅವ್ವ ಆ ಸಭಾಂಗಣದ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹಿಂದಿನ ದಿನದ ಮದುವೆಯ ಬಾಡಿದ ಹೂವು ಇನ್ನೂ ಮಂಟಪದ ಮೇಲಿತ್ತು. ಅಕ್ಕ ನಮ್ಮ ಸರದಿ ಬರುವವರೆಗೂ ಅದನ್ನೇ ನೋಡುತ್ತ ಕೂತಿದ್ದಳು. ಆಗ ಅವಳಿಗೆ ಇಪ್ಪತ್ತೆರಡು ತುಂಬಿತ್ತು. ಅವಳನ್ನು ನೋಡಲು ಬಂದಿದ್ದವರೆಲ್ಲ ಹಟ್ಟಿಯವರ ಬಾಯಲ್ಲಿ ವಿಷಯ ಕೇಳಿ ಅರ್ಧ ದಾರಿಯಿಂದಲೇ ತಿರುಗಿದ್ದರು.

ಅವಳು ಮದುವೆಯ ಮಾತು ಯಾವತ್ತೂ ಎತ್ತಲಿಲ್ಲ. ಅವಳು ಕೇಳುತ್ತಿದ್ದದ್ದು ಒಂದನ್ನೇ: ಮಂಗಳವಾರ ಮಧುಗಿರಿಗೆ ತಾನೊಬ್ಬಳೇ ಹೋಗಿ ಬರಬೇಕು.

"ಒಬ್ಳೇ ಹೋಗಿ ಏನ್ ಮಾಡ್ತೀಯೆ?" ಎಂದು ಬಸ್ಸಿನಲ್ಲಿ ಒಮ್ಮೆ ಕೇಳಿದೆ.

"ಸೋಡಾ ಕುಡೀತೀನಿ."

"ಈಗ್ಲೂ ಕುಡೀತೀಯಲ್ಲ."

"ಈಗ ನಾನು ಸೋಡಾ ಕುಡೀತೀನಿ, ನೀನು ನನ್ ಮುಖ ನೋಡ್ತಾ ಇರ್ತೀಯ. ಬೆಟ್ಟ ನೋಡೋಕಾದ್ರೂ ಬಿಡ್ತೀಯಾ? ಎಲ್ಲಿ ಬಿದ್ಬುಡ್ತೀನೋ ಅಂತ ಕಣ್ಣು ಮಿಟುಕಿಸದಂಗೆ ನೋಡ್ತೀಯ. ಅವ್ವನೂ ಅಂಗೇ. ಕುರಿನೂ ಅಷ್ಟೊಂದು ಕಾಯಕ್ಕಿಲ್ಲ ಯಾರೂ."

ನಾನು ಆ ಕಡೆ ತಿರುಗಿದೆ. ಅವಳೇ, "ಸಿಟ್ಟಾ?" ಎಂದು ಮೊಣಕೈಯಿಂದ ತಿವಿದಳು.

ಅವಳ ಆಧಾರ್ ಕಾರ್ಡು ಕೂಡ ನನ್ನ ಬ್ಯಾಗಿನಲ್ಲಿ ಇರುತ್ತಿತ್ತು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ, ಕಂಡಕ್ಟರ್ ಬಂದಾಗ ಎರಡು ಕಾರ್ಡನ್ನೂ ನಾನೇ ತೋರಿಸುತ್ತಿದ್ದೆ. ಅದನ್ನು ಅವಳು ನೋಡುತ್ತಿದ್ದ ರೀತಿಯನ್ನು ನಾನು ಆಗ ಗಮನಿಸಿರಲಿಲ್ಲ. ಈಗ ಅದೇ ನೆನಪಾಗುತ್ತದೆ.

ಅವ್ವ ಒಂದು ಷರತ್ತು ಹಾಕಿದ್ದಳು. "ಆರು ತಿಂಗ್ಳು ಬರ್ದಂಗೆ ಇರ್ಲಿ. ಏಳನೇ ತಿಂಗ್ಳು ಒಬ್ಳನ್ನೇ ಕಳಿಸ್ತೀನಿ, ಹೋಗು." ಅಕ್ಕ ಆ ಮಾತನ್ನು ಬಲವಾಗಿ ಹಿಡಿದುಕೊಂಡಳು. ಆದರೆ ಮೂರು ವಾರ ಚೆನ್ನಾಗಿರುತ್ತಿದ್ದವಳು ನಾಲ್ಕನೆಯ ವಾರ ಬೀಳುತ್ತಿದ್ದಳು. ಆರು ತಿಂಗಳಿರಲಿ, ಎರಡು ತಿಂಗಳು ದಾಟಿದ್ದೂ ಅಪರೂಪ.

ಡಾಕ್ಟರು ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುತ್ತಿದ್ದರು. ಪ್ರತಿ ಸಲ ಒಂದೇ ಪ್ರಶ್ನೆ: "ಮಾತ್ರೆ ತಪ್ಪಿಸ್ತಾ ಇದ್ದೀರಾ?"

ಅವ್ವ ಪ್ರತಿ ಸಲ ಅಷ್ಟೇ ಗಟ್ಟಿಯಾಗಿ, "ಇಲ್ಲ ಸಾರ್. ಒಂದ್ ದಿನಾನೂ ತಪ್ಸಿಲ್ಲ. ದೇವ್ರಾಣೆ" ಎನ್ನುವಳು. ಅವಳು ಸುಳ್ಳು ಹೇಳುತ್ತಿರಲಿಲ್ಲ.

ಫಿಟ್ಸ್ ಬಂದ ದಿನಗಳನ್ನು ಬರೆದಿಡಲು ಡಾಕ್ಟರು ಹೇಳಿದ್ದರು. ನಾನು ಉದ್ದ ಪುಸ್ತಕವೊಂದರಲ್ಲಿ ಗೆರೆ ಹಾಕಿ ಬರೆದೆ. ತಾರೀಖು, ಹೊತ್ತು, ಎಷ್ಟು ನಿಮಿಷ. ಮೂರು ಕಾಲಂ. ನಾಲ್ಕನೆಯದೊಂದನ್ನು ನಾನು ಹಾಕಬಹುದಿತ್ತು, ಹಾಕಲಿಲ್ಲ. ತಾರೀಖುಗಳು ಹೆಚ್ಚುಕಡಿಮೆ ಅವಳ ತಿಂಗಳ ದಿನಗಳ ಹಿಂದೆಮುಂದೆಯೇ ಬೀಳುತ್ತಿದ್ದವು. ಅದು ನನಗೆ ಕಾಣುತ್ತಿತ್ತು. ಕೆಲವು ಹೆಂಗಸರಲ್ಲಿ ಹಾಗಾಗುತ್ತದೆ ಎಂದು ಎಲ್ಲೋ ಓದಿ ಸುಮ್ಮನಾದೆ. ಅದನ್ನು ಡಾಕ್ಟರ ಮುಂದೆ, ಬೆನ್ನ ಹಿಂದೆ ಗಂಡಸರು ಸಾಲಾಗಿ ನಿಂತಿರುವಾಗ ಹೇಳುವುದು ನನ್ನಿಂದ ಆಗಲಿಲ್ಲ. ನನ್ನ ಸ್ವಭಾವ ಹಾಗೆ. ನನ್ನ ಸ್ವಭಾವಕ್ಕೆ ಅಕ್ಕ ಬೆಲೆ ತೆತ್ತಳು.

ಡಾಕ್ಟರು ಮಾತ್ರೆಯ ಪವರ್ ಹೆಚ್ಚಿಸಿದರು. ಇನ್ನೊಮ್ಮೆ ಹೆಚ್ಚಿಸಿದರು. ಅಕ್ಕ ಬೆಳಿಗ್ಗೆ ತಡವಾಗಿ ಏಳತೊಡಗಿದಳು. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಹಟ್ಟಿಯಲ್ಲಿ ಹೆಂಗಸರು ಕೂತು ಕಡಲೆಕಾಯಿ ಬಿಡಿಸುವಾಗ ಪದ ಎತ್ತಿಕೊಡುತ್ತಿದ್ದವಳು ಅವಳೇ. ಅವಳು ಮೊದಲ ಸಾಲು ಹೇಳಿದರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಈಗ ಎತ್ತಿದ ಪದ ನಡುವೆಯೇ ಮರೆತುಹೋಗುತ್ತಿತ್ತು. ಹೆಂಗಸರು ಕಾಯುತ್ತಿದ್ದರು. ಅವಳು ಕಾಯಿ ಬಿಡಿಸುತ್ತ ನಗುತ್ತಿದ್ದಳು. ಆಮೇಲೆ ಎತ್ತುವುದನ್ನೇ ಬಿಟ್ಟಳು. ಪಕ್ಕದಲ್ಲಿ ಕೂತ ಅಕ್ಕನಿಗಾಗಿಯೇ ಹಂಬಲಿಸುವುದು ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಆ ದಿನಗಳಲ್ಲಿ.

ಹೀಗೆ ಸುಮಾರು ಐದು ವರ್ಷ. ನಾನು ತುಮಕೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವಾಗಲೂ ಎರಡನೆಯ ಮಂಗಳವಾರಕ್ಕೆ ತಪ್ಪದೆ ಬರುತ್ತಿದ್ದೆ.

ಒಂದು ಮಂಗಳವಾರ ಮಾತ್ರೆ ಕೊಡುವ ಮೇಜಿನ ಮುಂದೆ ಉದ್ದ ಸಾಲಿತ್ತು. ಮಾತ್ರೆ ಕೊಡುತ್ತಿದ್ದ ನರ್ಸಮ್ಮ ಪಾವಗಡದ ಕಡೆಯವರು, ಮಾತು ಜೋರು. "ಈ ಸಲ ಪೆಟ್ಟಿಗೆ ಒಂದೇ ಬಂದೈತಮ್ಮ. ಎಲ್ರಿಗೂ ಹದಿನೈದು ದಿನದ್ದೇ. ಆಮೇಲೆ ನಾವು ಕೂರೋ ತಾಲ್ಲೂಕಿಗೆ ಮನೆಯಿಂದ ಯಾರಾನ ಒಬ್ರು ಬಂದು ಇಸ್ಕೊಂಡು ಹೋಗಿ" ಎನ್ನುತ್ತಿದ್ದರು.

ನಮ್ಮ ಸರದಿ ಬಂದಾಗ ಅವ್ವ ಕೈ ಅಡ್ಡ ಹಿಡಿದಳು. "ನಮ್ಗೆ ಅದೂ ಬ್ಯಾಡ ಬುಡು ಸಿಸ್ಟ್ರಮ್ಮ. ದೂರದಿಂದ ಬಂದೋರಿಗೆ ಕೊಡು, ಪಾಪ. ನಮ್ಮನೇಲಿ ಬೇಕಾದಷ್ಟು ಅವೆ."

"ಬೇಕಾದಷ್ಟು ಎಲ್ಲಿಂದ ಬಂದ್ವು?"

"ನೀನೇ ಕೊಟ್ಟಿದ್ದು ಕಣಮ್ಮ. ತಿಂಗ್ಳಾ ತಿಂಗ್ಳಾ ಉಳೀತವಲ್ಲ, ಜ್ವಾಪಾನವಾಗಿ ಮಡಗಿದೀನಿ. ಹಿಂದೆ ಒಂದ್ಸಲ ಇಲ್ದಂಗಾಗಿ ಪಟ್ಟ ಪಾಡು ಸಾಕು."

ನರ್ಸಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಉಳಿಯೋದು ಹೆಂಗೆ? ದಿನಕ್ಕೆ ಎರಡರಂಗೆ ಕೊಟ್ಟೀನಿ. ಒಂದೂ ಉಳೀಬಾರ್ದು."

"ದಿನಾ ಎರಡೇ ಕೊಡೋದು. ಒಂದ್ ದಿನಾನೂ ತಪ್ಸಿಲ್ಲ. ಬೇಕಾದ್ರೆ ಇವ್ಳನ್ನ ಕೇಳು, ಓದ್ದೋಳು."

"ಹೇಳಮ್ಮ, ಓದ್ದೋಳು," ಎಂದು ನರ್ಸಮ್ಮ ನನ್ನ ಕಡೆ ತಿರುಗಿದರು. "ತಿಂಗ್ಳಿಗೆ ಎಷ್ಟು ಉಳೀತವೆ?"

"ಎಂಟು," ಎಂದೆ.

"ಎಂಟು ಅಂದ್ರೆ ನಾಕು ದಿನ. ಯಾವ ನಾಕು ದಿನ?"

ನನಗೆ ಆ ಕ್ಷಣದಲ್ಲಿ ಎಲ್ಲ ಗೊತ್ತಾಯಿತು. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ದಿನಾ ಕಣ್ಣೆದುರಿಗೆ ಇದ್ದದ್ದನ್ನು ಅವತ್ತು ಮೊದಲ ಸಲ ನೋಡಿದೆ. ನನ್ನ ಹಿಂದೆ ಒಬ್ಬ ಮುದುಕರು, ಅವರ ಹಿಂದೆ ಇಬ್ಬರು ಗಂಡಸರು ನಿಂತಿದ್ದರು. ನಾನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡೆ.

"ನಾನು ಹೊರಗಿರೋ ದಿನ," ಎಂದಳು ಅಕ್ಕ. ಆ ಸಭಾಂಗಣದಲ್ಲಿ ಐದು ವರ್ಷಕ್ಕೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಸಣ್ಣ ದನಿಯಲ್ಲೇನೂ ಹೇಳಲಿಲ್ಲ.

"ನೀನು ಹೊರಗಿದ್ರೆ ಮಾತ್ರೆಗೇನು ಬಂತೇ?" ಎಂದರು ನರ್ಸಮ್ಮ.

ಅವ್ವನೇ ಉತ್ತರ ಹೇಳಿದಳು. "ಮಾತ್ರೆ ದೇವ್ರ ಗೂಡಲ್ಲಿ ಐತಲ್ಲ ಸಿಸ್ಟ್ರಮ್ಮ."

ನಮ್ಮ ಹಟ್ಟಿಯವರಿಗಾದರೆ ಅಷ್ಟು ಹೇಳಿದರೆ ಸಾಕಿತ್ತು. ತಿಂಗಳ ಆ ದಿನಗಳಲ್ಲಿ ನಮ್ಮಲ್ಲಿ ಹೆಂಗಸರು ಮನೆಯೊಳಗೆ ಬರುವುದಿಲ್ಲ. ಜಗುಲಿಯ ಪಕ್ಕಕ್ಕೆ ಇಳಿಜಾರು ಮಾಡು ಇಳಿಸಿ ಕಟ್ಟಿದ ಕೋಣೆಯಲ್ಲಿ ಇರುತ್ತಾರೆ, ಊಟ ಅಲ್ಲಿಗೇ ಬರುತ್ತದೆ, ತಲೆಗೆ ನೀರು ಹಾಕಿಕೊಂಡ ಮೇಲೆ ಒಳಗೆ. ಗೂಡಿನಿಂದ ತೆಗೆದದ್ದು ಪ್ರಸಾದಕ್ಕೆ ಸಮ, ಅದು ಹೊರಗೆ ಕೂತವರ ಕೈಗೆ ಹೋಗುವಂತಿಲ್ಲ. ಅವ್ವನ ಲೆಕ್ಕದಲ್ಲಿ ಅದು ಮಾತ್ರೆ ತಪ್ಪಿಸಿದಂತೆ ಆಗಿರಲೇ ಇಲ್ಲ. ಪೂಜೆ, ದೀಪ, ಅಡುಗೆ ಯಾವುದೂ ಇಲ್ಲದ ಆ ನಾಲ್ಕು ದಿನ ಲೆಕ್ಕಕ್ಕೇ ಬರುತ್ತಿರಲಿಲ್ಲ. ನಾನೂ ಅದೇ ಮನೆಯ ಹುಡುಗಿ. ನಾನೂ ತಿಂಗಳಿಗೆ ನಾಲ್ಕು ದಿನ ಆ ಕೋಣೆಯಲ್ಲಿ ಕೂತು ಸಂಖ್ಯಾಶಾಸ್ತ್ರ ಓದಿದವಳು.

ನರ್ಸಮ್ಮ ನಮ್ಮನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ ತಾವೇ ಹೇಳಿದರು. ಡಾಕ್ಟರು ಬೈಯಲಿಲ್ಲ. ನನ್ನ ಪುಸ್ತಕ ಕೇಳಿ ತೆಗೆದುಕೊಂಡು ಹಿಂದಿನ ಪುಟಗಳನ್ನೆಲ್ಲ ತಿರುವಿದರು. "ಗೂಡಿನಿಂದ ಈಚೆ ಇಡಿ, ಅಷ್ಟೇ. ಒಂದು ದಿನವೂ ಬಿಡಬೇಡಿ. ಫಿಟ್ಸ್ ನಿಂತರೆ ಪವರ್ ನಿಧಾನಕ್ಕೆ ಇಳಿಸೋಣ, ನೀವಾಗೇ ಇಳಿಸಬೇಡಿ" ಎಂದರು. ಪುಸ್ತಕ ವಾಪಸು ಕೊಡುವಾಗ, "ತುಂಬ ಅಚ್ಚುಕಟ್ಟಾಗಿ ಬರೆದಿದ್ದೀರಿ" ಎಂದರು. ನಾನು ತಲೆ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಕೈಕಾಲು ತೊಳೆದು ಗೂಡಿನ ಮುಂದೆ ಬಹಳ ಹೊತ್ತು ನಿಂತಳು. ಅಪ್ಪ ಜಗುಲಿಯಲ್ಲಿ ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದರು. ಅಕ್ಕ ಹೊಸ್ತಿಲಲ್ಲಿ. ಕೊನೆಗೆ ಅವ್ವ ಹಳದಿ ಬಟ್ಟೆಯ ಗಂಟನ್ನು ತೆಗೆದು, ಶೀಟುಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಅದನ್ನು ಅಕ್ಕನ ಕೈಗೆ ಕೊಟ್ಟಳು.

"ಇಷ್ಟು ದಿನ ದೇವ್ರು ಕಾದ. ಅವ್ನಿಗೂ ತಿಂಗ್ಳಿಗೆ ನಾಕು ದಿನ ರಜ ಇತ್ತು ಅಂತ ಕಾಣುತ್ತೆ. ಇನ್ಮೇಲೆ ನೀನೇ ಕಾಯ್ಕ."

"ಕೆಳಗೆ ಮಡಗಬ್ಯಾಡ, ಕುರಿ ಎಳ್ಕಂಡೋದಾವು. ಮೇಲೆ ನೇತಾಕು" ಎಂದರು ಅಪ್ಪ, ಸೂಜಿಯಿಂದ ಕಣ್ಣು ತೆಗೆಯದೆ.

ಜಗುಲಿಯ ಗೋಡೆಯ ಗೂಟಕ್ಕೆ ಒಂದು ಕೈಚೀಲ, ಅದರೊಳಗೆ ಡಬ್ಬಿ. ಮನೆಯ ಒಳಗಿದ್ದರೂ ಹೊರಗಿದ್ದರೂ ಕೈಗೆಟುಕುವ ಜಾಗ. ಇಳಿಜಾರಿನ ಕೋಣೆ ಈಗಲೂ ಇದೆ. ಅಕ್ಕ ಈಗಲೂ ಅಲ್ಲಿ ಕೂರುತ್ತಾಳೆ, ಊರಿಗೆ ಹೋದರೆ ನಾನೂ ಕೂರುತ್ತೇನೆ. ಅದರ ಬಗ್ಗೆ ಅವ್ವನ ಹತ್ತಿರ ನಾನು ಇನ್ನೂ ಮಾತಾಡಿಲ್ಲ. ಮಾತ್ರೆ ಮಾತ್ರ ಅಲ್ಲಿಗೂ ಬರುತ್ತದೆ.

ಮೊದಲ ತಿಂಗಳು ದಾಟಿತು, ಎರಡನೆಯದೂ ದಾಟಿತು. ಮೂರನೆಯ ತಿಂಗಳಲ್ಲಿ ಜ್ವರ ಬಂದು ಒಮ್ಮೆ ಬಿದ್ದಳು. ಎದ್ದು ಕೂತವಳು ಮೊದಲು ಕೇಳಿದ್ದು, "ಮತ್ತೆ ಒಂದರಿಂದ್ಲಾ?" ಎಂದು. ಅವ್ವ ಹೌದೆಂದಳು. ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು. ಮತ್ತೆ ಒಂದರಿಂದ ಶುರುವಾಯಿತು. ಈ ಸಲ ಆರು ತುಂಬಿತು. ಅಷ್ಟು ಹೊತ್ತಿಗೆ ನನಗೆ ಶಿರಾದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ, ಅಲ್ಲೇ ಕೋಣೆ ಮಾಡಿದ್ದೆ. ಏಳನೆಯ ತಿಂಗಳ ಮಂಗಳವಾರಕ್ಕೆ ರಜೆ ಹಾಕಿ ಊರಿಗೆ ಬಂದೆ.

"ಇನ್ನೊಂದ್ ತಿಂಗ್ಳು ನೋಡಾನ ಕಣವ್ವ," ಎಂದು ಅವ್ವ ರಾಗ ಎಳೆದಳು.

"ಮಾತು ಅಂದ್ರೆ ಮಾತು," ಎಂದಳು ಅಕ್ಕ. ಆಮೇಲೆ ನನ್ನ ಮುಂದೆ ಕೈ ಚಾಚಿದಳು. "ಕಾರ್ಡು ಕೊಡು."

ನಾನು ಬ್ಯಾಗು ತೆರೆದು ಅವಳ ಆಧಾರ್ ಕಾರ್ಡು ಕೊಟ್ಟೆ. ಅದರ ಅಂಚು ನನ್ನ ಬ್ಯಾಗಿನಲ್ಲೇ ಸವೆದಿತ್ತು. ಅವಳು ಅದನ್ನು ಪುಟ್ಟ ಪರ್ಸಿನಲ್ಲಿಟ್ಟು ಜಿಪ್ ಎಳೆದಳು. ಬಸ್ ನಿಲ್ಲುವಲ್ಲಿಯವರೆಗೆ ಜೊತೆಗೆ ನಡೆದೆ. ಬಸ್ ಬಂತು. "ನೀನು ಹತ್ತಬ್ಯಾಡ" ಎಂದಳು, ನಾನು ಹತ್ತುವವಳಲ್ಲ ಎಂದು ಗೊತ್ತಿದ್ದೂ. ಕಿಟಕಿ ಪಕ್ಕ ಸೀಟು ಸಿಕ್ಕಿತು. ನನ್ನ ಕಡೆ ನೋಡುತ್ತಾಳೆ ಎಂದು ಕೈ ಎತ್ತಿ ನಿಂತೆ. ಅವಳು ನೋಡಲಿಲ್ಲ. ಕಾರ್ಡು ಕೈಯಲ್ಲಿ ಹಿಡಿದು ಕಂಡಕ್ಟರ್ ಬರುವ ದಾರಿಯನ್ನೇ ನೋಡುತ್ತಿದ್ದಳು. ಬಸ್ ಹೋಯಿತು. ಧೂಳು ಇಳಿಯುವವರೆಗೆ ಅಲ್ಲೇ ನಿಂತಿದ್ದೆ. ನನ್ನ ಎಡಗೈಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಒಂದು ಗಂಟೆಯ ಮೇಲೆ ಫೋನ್ ಬಂತು. "ಇಳ್ದೆ ಕಣೆ" ಎಂದು ಇಟ್ಟುಬಿಟ್ಟಳು. ಸಂಜೆ ಮನೆಗೆ ಬಂದಾಗ ಸೋಡಾ ಕುಡಿದೆಯಾ ಎಂದು ಕೇಳಿದೆ.

"ಎರಡು ಕುಡ್ದೆ. ಬೆಟ್ಟನೂ ನೋಡ್ದೆ."

"ಹೆಂಗಿತ್ತು?"

"ಇದ್ದಂಗೇ ಐತೆ. ಎಲ್ಲೂ ಹೋಗಿಲ್ಲ."

ಅದಾಗಿ ಒಂದೂವರೆ ವರ್ಷ. ಎರಡನೆಯ ಮಂಗಳವಾರ ಬೆಳಿಗ್ಗೆಯ ಎರಡನೆಯ ಕ್ಲಾಸು ಮುಗಿಯುವ ಹೊತ್ತಿಗೆ ಅಕ್ಕನ ಫೋನ್ ಬರುತ್ತದೆ. "ಇಳ್ದೆ ಕಣೆ." ಅಷ್ಟೇ. ಆ ಎರಡು ಮಾತಿಗಾಗಿ ಸ್ಟಾಫ್ ರೂಮಿನ ಕಿಟಕಿಯ ಬಳಿ ನಿಂತಿರುತ್ತೇನೆ. ಜೊತೆಗೆ ಹೋಗಿಬರುತ್ತಿದ್ದ ದಿನಗಳಲ್ಲಿ ಎಷ್ಟು ದಣಿದಿದ್ದೆ, ಒಂದು ಮಂಗಳವಾರವಾದರೂ ನನ್ನದಾಗಲಿ ಎಂದು ಎಷ್ಟು ಸಲ ಅಂದುಕೊಂಡಿದ್ದೆ ಎನ್ನುವುದು ನನಗೇ ಗೊತ್ತು. ಈಗ ಎಲ್ಲ ಮಂಗಳವಾರವೂ ನನ್ನದೇ. ಅವಳ ಭುಜದ ಮೂಳೆ ನನ್ನ ಬೆರಳ ಕೆಳಗೆ, ಬಸ್ಸಿನ ಕುಲುಕಾಟಕ್ಕೆ ಅವಳ ಜಡೆ ನನ್ನ ಮೊಣಕೈಗೆ ತಾಗುವುದು, ಮಧುಗಿರಿ ಬೆಟ್ಟ ಕಂಡ ಕೂಡಲೇ ಅವಳು ನೆಟ್ಟಗೆ ಕೂರುವುದು: ಇಷ್ಟು ಸಿಕ್ಕರೆ ಸಾಕು ಅನ್ನಿಸುತ್ತದೆ. ಸಿಗಬಾರದು ಎಂದೂ ಗೊತ್ತಿದೆ.

ಹೋದ ತಿಂಗಳು ಫೋನ್ ಬರಲಿಲ್ಲ.

ಎರಡನೆಯ ಕ್ಲಾಸು ಮುಗಿಯಿತು, ಮೂರನೆಯದು ಮುಗಿಯಿತು. ನಾನೇ ಎರಡು ಸಲ ಮಾಡಿದೆ, ಎತ್ತಲಿಲ್ಲ. ಅವ್ವನಿಗೆ ಮಾಡಿದರೆ ಹೆದರುತ್ತಾಳೆ ಎಂದು ಮಾಡಲಿಲ್ಲ. ಬಸ್ಸಿನ ಸೀಟಿನ ಕಂಬಿ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಕೂತ ಗುರುತಿಲ್ಲದವರು ಅವಳ ಕೈಗೆ ಬೀಗದ ಕೈ ತುರುಕುವುದು ಕಂಡಿತು. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರನ್ನು ಎರಡು ಸಲ ಕೂಗಿದೆನೆಂದು ವಿದ್ಯಾರ್ಥಿಗಳು ನಕ್ಕರು. ಮೂರೂವರೆಗೆ ಫೋನ್ ಬಂತು.

"ಮರ್ತೇ ಹೋಯ್ತು ಕಣೆ," ಎಂದಳು ಅಕ್ಕ. ಹಿಂದೆ ಬಸ್‌ಸ್ಟ್ಯಾಂಡಿನ ಗಲಾಟೆ. "ಬಸ್ಸಲ್ಲಿ ಪಕ್ಕದಲ್ಲಿ ತಿರುಮಣಿಯಿಂದ ಬಂದ ಒಬ್ಬಮ್ಮ ಕೂತಿತ್ತು. ಪಾವಗಡದ ವಾರ ತಪ್ಪೋಯ್ತಂತೆ, ಅದಕ್ಕೆ ಇಲ್ಲಿಗೆ ಬಂದೈತೆ. ಮಗಳಿಗೆ ನನ್ನಂಗೇ. ಅರ್ಧ ತೆಲುಗು, ಅರ್ಧ ಕನ್ನಡ. ಮಾತಾಡ್ತಾ ಮಾತಾಡ್ತಾ ಹೊತ್ತೋಗಿದ್ದೇ ಗೊತ್ತಾಗ್ಲಿಲ್ಲ. ಮಾತ್ರೆ ಎಲ್ಲಿ ಮಡಗ್ತೀರಿ ಅಂತ ಕೇಳ್ದೆ."

"ಎಲ್ಲಂತೆ?"

"ಅಟ್ಟದ ಮೇಲಿನ ಟ್ರಂಕಲ್ಲಿ. ಬೀಗ ಹಾಕಿ. ಬೀಗದ ಕೈ ಅದರ ಗಂಡನ ಹತ್ರ, ಅವನು ಸೋಲಾರ್ ಪಾರ್ಕಲ್ಲಿ ವಾಚ್‌ಮನ್ನು, ಮೂರು ದಿನಕ್ಕೊಂದ್ಸಲ ಬರ್ತಾನಂತೆ." ಅವಳು ನಗತೊಡಗಿದಳು. ಆ ನಗುವಿನ ನಡುವೆಯೇ, "ಕುಂಡ್ರಿಸ್ಕಂಡು ಎಲ್ಲಾ ಹೇಳ್ದೆ ಬುಡು" ಎಂದಳು. "ಬಸ್ ಬಂತು, ಮಡಗ್ತೀನಿ."

ಒಬ್ಬಳೇ ಹೋಗುವುದು ಅವಳಿಗೆ ಮರೆತುಹೋಗುವಷ್ಟು ಸಲೀಸಾಗಲಿ ಎಂದು ನಾನು ಎಷ್ಟೋ ವರ್ಷ ಬೇಡಿಕೊಂಡಿದ್ದೆ. ಅದೇ ಆಗಿತ್ತು. ಬೆಳಗ್ಗೆಯಿಂದ ಕಾದಿದ್ದೆ ಎಂದು ಅವಳಿಗೆ ಹೇಳಲಿಲ್ಲ. ಇನ್ನು ಮುಂದೆ ಫೋನ್ ಮಾಡದಿದ್ದರೂ ನಡೆಯುತ್ತದೆ ಎಂದೂ ಹೇಳಲಿಲ್ಲ.